ಸಂಬಳ ಇಲ್ಲದವರೂ ಕಟ್ಟುವ ತೆರಿಗೆ

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಯಾಂತ್ರಿಕ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಜುಲೈ 31ರ ತನಕ, ಅಂದರೆ 61 ದಿನ, ಅವು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಎಂದು ಈ ನಿಷೇಧ. ಬೋಟಿನಲ್ಲಿ ದುಡಿಯುವ ಖಲಾಸಿಗೆ ಅಷ್ಟು ದಿನ ಕೆಲಸವೂ ಇಲ್ಲ, ಹಿಡಿದ ಮೀನಿನ ಪಾಲೂ ಇಲ್ಲ. ಮನೆ ಯಜಮಾನಿಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಡಿಗ್ರಿ ಮುಗಿಸಿ ಕೆಲಸ ಸಿಗದ ಮಗನೋ ಮಗಳೋ ಇದ್ದರೆ ಯುವನಿಧಿಯ 3,000. ಹೆಚ್ಚೂ ಕಡಿಮೆ ಇದರಲ್ಲೇ ಮಳೆಗಾಲ ಕಳೆಯಬೇಕು.

ಇಂಥ ಮನೆಗಳ ಬಗ್ಗೆ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ. "ತೆರಿಗೆ ಕಟ್ಟುವವರು ನಾವು, ಕೂತು ತಿನ್ನುವವರು ಅವರು." ನಾನು ಕುಮಟಾ, ಅಂಕೋಲಾ ಕಡೆಯ ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ತೆರಿಗೆ ಯಾರ ಕೈಯಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ದಿನವೂ ನೋಡುತ್ತೇನೆ. ಆ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತೆರಿಗೆ ನಮ್ಮಿಂದ ಎರಡು ದಾರಿಯಲ್ಲಿ ಹೋಗುತ್ತದೆ. ಗಳಿಸಿದಾಗ ಕೊಡುವುದು ಒಂದು, ಖರ್ಚು ಮಾಡಿದಾಗ ಕೊಡುವುದು ಇನ್ನೊಂದು. ಮೊದಲನೆಯದು ಇನ್‌ಕಮ್ ಟ್ಯಾಕ್ಸ್. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ಕಟ್ಟಬೇಕಾದದ್ದು ಸೊನ್ನೆ. ಅಂದರೆ ಶಿರಸಿ ಪೇಟೆಯಲ್ಲಿ ತಿಂಗಳಿಗೆ ಐವತ್ತು, ಅರವತ್ತು ಸಾವಿರ ಸಂಬಳ ಎಣಿಸುವವರೂ ಈಗ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕಿಲ್ಲ. ಈ ಒಂದು ತೆರಿಗೆಯನ್ನೇ ಅಳತೆಗೋಲು ಮಾಡಿಕೊಂಡರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಜನ "ತೆರಿಗೆ ಕಟ್ಟದವರು" ಆಗಿಬಿಡುತ್ತಾರೆ. ಶಾಲೆ ಮಾಸ್ತರರು, ಅಂಗಡಿಯವರು, ತೋಟದವರು ಎಲ್ಲ ಅದೇ ಸಾಲಿಗೆ ಬರುತ್ತಾರೆ.

ಎರಡನೆಯ ದಾರಿಗೆ ಇಂಥ ಮಿತಿ ಇಲ್ಲ. ಸೋಪು ಕೊಳ್ಳುವವನ ಸಂಬಳ ಎಷ್ಟು ಎಂದು ಅಂಗಡಿಯವನು ಕೇಳುವುದಿಲ್ಲ. ಕೆಲಸ ಇದೆಯಾ ಇಲ್ಲವಾ ಎಂದೂ ಕೇಳುವುದಿಲ್ಲ. ಬೆಲೆಯೊಳಗೇ ತೆರಿಗೆ ಇರುತ್ತದೆ. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲಿ "ಎಲ್ಲ ತೆರಿಗೆಗಳೂ ಸೇರಿ" ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕಣ್ಣಿಗೆ ಬೀಳದಷ್ಟು ಸಣ್ಣದು. ಅದಕ್ಕೇ ಕೊಡುವವರಿಗೂ ಕೊಟ್ಟಿದ್ದು ಗೊತ್ತಾಗುವುದಿಲ್ಲ.

ಒಳಗೆ ಎಷ್ಟಿದೆ ಎಂದು ತೆಗೆಯುವುದು ಸುಲಭ. ಶೇ. 18 ಇರುವ ವಸ್ತುವಾದರೆ, ನಾವು ಕೊಟ್ಟ ಹಣವನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಶೇ. 5 ಆದರೆ 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ನೂರಕ್ಕೆ ಹದಿನೆಂಟು ಎಂದು ನೇರವಾಗಿ ತೆಗೆದರೆ ತಪ್ಪಾಗುತ್ತದೆ. ಯಾಕೆಂದರೆ ನಾವು ಕೊಟ್ಟ ನೂರರಲ್ಲಿ ತೆರಿಗೆಯೂ ಸೇರಿದೆ. ಶೇ. 18ರ ವಸ್ತುವಿಗೆ 100 ರೂಪಾಯಿ ಕೊಟ್ಟರೆ ಅದರಲ್ಲಿ ತೆರಿಗೆ 15 ರೂಪಾಯಿ 25 ಪೈಸೆ.

ಈಗ ಒಬ್ಬ ಹುಡುಗನ ಖರ್ಚು ನೋಡೋಣ. ಅಂಕೋಲಾದ ಹತ್ತಿರದ ಹಳ್ಳಿಯವನು ಎಂದಿಟ್ಟುಕೊಳ್ಳಿ. ಬಿಕಾಂ ಆಗಿದೆ, ಕೆಲಸ ಹುಡುಕುತ್ತಿದ್ದಾನೆ, ಯುವನಿಧಿಯ 3,000 ಬರುತ್ತದೆ. ಈ ಯೋಜನೆಯ ಹಣ ಖಾತೆಗೆ ಬೀಳಲು ಶುರುವಾಗಿದ್ದು 2024ರ ಜನವರಿಯಲ್ಲಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಹೆಚ್ಚೆಂದರೆ ಎರಡು ವರ್ಷ. ಡಿಪ್ಲೊಮಾ ಮಾಡಿದವರಿಗೆ 1,500. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಆಗಾಗ ಘೋಷಣೆ ಕೊಡುತ್ತಿರಬೇಕು.

ಫೋನಿಗೆ 299 ರೂಪಾಯಿ ರಿಚಾರ್ಜ್ ಹಾಕಿಸಿದ. ಕೆಲಸ ಹುಡುಕುವವನಿಗೆ ಫೋನ್ ಇಲ್ಲದಿದ್ದರೆ ಆಗುವುದಿಲ್ಲ, ಅರ್ಜಿ ತುಂಬುವುದು, ಓಟಿಪಿ ಬರುವುದು, ಕರೆ ಬರುವುದು ಎಲ್ಲ ಅದರಲ್ಲೇ ಅಲ್ವಾ? ಅದರಲ್ಲಿ ಶೇ. 18ರ ಲೆಕ್ಕಕ್ಕೆ 45 ರೂಪಾಯಿ 61 ಪೈಸೆ ತೆರಿಗೆ. ಸೋಪು, ಪೇಸ್ಟು, ಶಾಂಪೂ, ತಲೆಗೆಣ್ಣೆ ಸೇರಿ 300 ರೂಪಾಯಿ. ಇವಕ್ಕೆಲ್ಲ 2025ರ ಸೆಪ್ಟೆಂಬರ್ 21ರ ತನಕ ಶೇ. 18 ಇತ್ತು, ಆಮೇಲೆ ಶೇ. 5ಕ್ಕೆ ಇಳಿಯಿತು. ಹಾಗಾಗಿ ಈಗ 14 ರೂಪಾಯಿ ಚಿಲ್ಲರೆ. ಬಿಸ್ಕತ್ತಿಗೂ ಶೇ. 5, ಅಡುಗೆ ಸಿಲಿಂಡರಿಗೂ ಶೇ. 5.

ಇವು ಸಣ್ಣ ಮೊತ್ತ. ಜಾಸ್ತಿ ಹೋಗುವುದು ಪೆಟ್ರೋಲಿಗೆ. ಪೆಟ್ರೋಲು ಜಿಎಸ್‌ಟಿಯಲ್ಲಿ ಸೇರಿಲ್ಲ. ಅದರ ಮೇಲೆ ಮೊದಲು ಕೇಂದ್ರದ ಅಬಕಾರಿ ಸುಂಕ ಬೀಳುತ್ತದೆ. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕ 2024ರ ಜೂನ್‌ನಲ್ಲಿ ಈ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. 2025ರ ದರದಲ್ಲಿ ಲೆಕ್ಕ ಹಾಕಿದರೆ 100 ರೂಪಾಯಿ ಪೆಟ್ರೋಲಿನಲ್ಲಿ 40 ರೂಪಾಯಿಗಿಂತ ಜಾಸ್ತಿ ತೆರಿಗೆಯೇ. ನಮ್ಮ ಹುಡುಗ ಇಂಟರ್‌ವ್ಯೂಗೆ ಎಂದು ಗೆಳೆಯನ ಬೈಕಿನಲ್ಲಿ ಕಾರವಾರಕ್ಕೆ, ಕುಮಟೆಗೆ ಓಡಾಡಿ ತಿಂಗಳಿಗೆ 500 ರೂಪಾಯಿ ಎಣ್ಣೆ ಹಾಕಿಸಿದರೆ 200 ರೂಪಾಯಿಗಿಂತ ಜಾಸ್ತಿ ಖಜಾನೆಗೆ ಹೋಯಿತು. ಇಷ್ಟಕ್ಕೇ 260 ದಾಟಿತು. ಬಂದಿದ್ದು 3,000.

ಇನ್ನೊಂದು ಖರ್ಚು ನನಗೆ ಪ್ರತಿ ಸಲವೂ ಬೇಜಾರು ತರಿಸುತ್ತದೆ. ನಮ್ಮ ಕಡೆಯ ಮಕ್ಕಳು ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋಗುತ್ತಾರೆ. ಶಾಲೆ, ಕಾಲೇಜಿನ ಪದವಿ ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲ. ಆದರೆ ಜಿಎಸ್‌ಟಿ ನೋಂದಣಿ ಇರುವ ಕೋಚಿಂಗ್ ಕ್ಲಾಸಿನ ಫೀಸಿಗೆ ಶೇ. 18 ಇದೆ. ಫೀಸು 11,800 ಆದರೆ ಅದರಲ್ಲಿ 1,800 ತೆರಿಗೆ. ಕೆಲಸ ಇಲ್ಲ ಎನ್ನುವ ಕಾರಣಕ್ಕೇ ಮಾಡುವ ಖರ್ಚು ಇದು. ಅರ್ಧ ತಿಂಗಳ ಯುವನಿಧಿಗಿಂತ ಜಾಸ್ತಿ ಹಣ ಆ ಒಂದೇ ರಸೀದಿಯಲ್ಲಿ ಸರ್ಕಾರಕ್ಕೆ ವಾಪಸ್ ಹೋಗುತ್ತದೆ.

ಎಲ್ಲದರ ಮೇಲೂ ತೆರಿಗೆ ಇದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಮಾರ್ಕೆಟ್ಟಿನಲ್ಲಿ ಬುಟ್ಟಿಯಿಂದ ತೂಗಿ ಕೊಡುವ ಬಂಗಡೆ, ತಾರ್ಲೆಗೆ ಜಿಎಸ್‌ಟಿ ಇಲ್ಲ. ತರಕಾರಿಗೆ ಇಲ್ಲ. ಅಂಕೋಲೆಯ ಇಶಾಡ ಮಾವಿನ ಹಣ್ಣಿಗೆ ಇಲ್ಲ, ಎಳನೀರಿಗೆ ಇಲ್ಲ. ಸಡಿಲ ಅಕ್ಕಿಗೆ ಇಲ್ಲ, ಆದರೆ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿ ತನಕದ ಚೀಲಕ್ಕೆ 2022ರ ಜುಲೈನಿಂದ ಶೇ. 5 ಇದೆ. ಬಡವರ ತಟ್ಟೆಯಲ್ಲಿ ಇರುವ ಎಷ್ಟೋ ಪದಾರ್ಥಗಳನ್ನು ಬೇಕೆಂದೇ ಹೊರಗಿಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಸಾಮಾನ್ಯ ಬಸ್ಸಿನ ಟಿಕೆಟಿಗೂ ಜಿಎಸ್‌ಟಿ ಇಲ್ಲ. ಬಸ್ಸು ಕುಡಿಯುವ ಡೀಸೆಲಿಗೆ ಮಾತ್ರ ತೆರಿಗೆ ಇದೆ.

"ನಮ್ಮೂರ ಅಂಗಡಿಯವ ಬಿಲ್ಲೇ ಕೊಡಲ್ಲ, ಅಲ್ಲಿ ತೆರಿಗೆ ಎಲ್ಲಿಂದ ಬರುತ್ತದೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ 40 ಲಕ್ಷದೊಳಗೆ ಸಾಮಾನು ಮಾರುವ ಅಂಗಡಿಗೆ ಜಿಎಸ್‌ಟಿ ನೋಂದಣಿ ಬೇಡ. ಅದಕ್ಕಿಂತ ಮೇಲೆ, ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಗೆ ಸೇರಿ ವಹಿವಾಟಿನ ಶೇ. 1 ಕಟ್ಟಿ ಮುಗಿಸಬಹುದು. ಇಬ್ಬರ ಬಿಲ್ಲಿನಲ್ಲೂ ತೆರಿಗೆ ಎಂದು ಬೇರೆ ಸಾಲು ಇರುವುದಿಲ್ಲ. ಆದರೆ ಆ ಸೋಪು ಅಂಗಡಿಗೆ ಬಂದಿದ್ದೇ ತೆರಿಗೆ ಕಟ್ಟಿಸಿಕೊಂಡು. ಕಾರ್ಖಾನೆಯವರು ಹಾಕಿದ್ದನ್ನು ಹೋಲ್‌ಸೇಲಿನವರು ಮುಂದೆ ದಾಟಿಸುತ್ತಾರೆ, ಅವರು ಹಾಕಿದ್ದನ್ನು ನಮ್ಮ ಕಿರಾಣಿಯವರು ಕೊಟ್ಟಿರುತ್ತಾರೆ. ನೋಂದಣಿ ಇಲ್ಲದ ಕಿರಾಣಿಯವರಿಗೆ ಅದನ್ನು ವಾಪಸ್ ಪಡೆಯುವ ದಾರಿ ಇಲ್ಲ. ಹಾಗಾಗಿ ಅದು ಮಾರುವ ಬೆಲೆಯಲ್ಲಿ ಸೇರಿಕೊಂಡು ಕೊನೆಗೆ ಕೊಳ್ಳುವವರ ತಲೆಗೆ ಬರುತ್ತದೆ. ದೊಡ್ಡ ವ್ಯಾಪಾರಿಗೆ ಖರೀದಿಯಲ್ಲಿ ತಾನು ಕೊಟ್ಟ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕಾದದ್ದರಲ್ಲಿ ವಜಾ ಮಾಡಿಕೊಳ್ಳುವ ಸೌಲಭ್ಯ ಇದೆ. ಮನೆಗೆ ಕೊಳ್ಳುವವರಿಗೆ ಇಲ್ಲ. ಇಡೀ ಸರಪಳಿಯಲ್ಲಿ ತೆರಿಗೆಯನ್ನು ನಿಜವಾಗಿ ಹೊರುವವರು ಅವರೇ.

ಈ ಬಗೆಯ ತೆರಿಗೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಬೆಲೆಯಲ್ಲೇ ಕರ ಸೇರಿಸಿದ್ದರು. ಭೂಮಿ ಇದ್ದವರು ಕಂದಾಯ ಕಟ್ಟುತ್ತಿದ್ದರು, ಅದು ಎಲ್ಲರಿಗೂ ಕಾಣುತ್ತಿತ್ತು. ಭೂಮಿಯೂ ಇಲ್ಲದ, ಕೂಲಿಯೂ ಸಿಗದ ಮನುಷ್ಯ ಏನೂ ಕಟ್ಟುತ್ತಿಲ್ಲ ಎಂದು ಕಾಣುತ್ತಿತ್ತು. ಆದರೆ ಗಂಜಿಗೆ ಉಪ್ಪು ಹಾಕಿಕೊಂಡಾಗಲೆಲ್ಲ ಅವನೂ ಕಟ್ಟುತ್ತಿದ್ದ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆ ವರ್ಷಗಳಲ್ಲೇ ಅಂಕೋಲಾ, ಸಿದ್ದಾಪುರ, ಶಿರಸಿ ಕಡೆಯ ರೈತರು ಭೂಕಂದಾಯ ಕಟ್ಟುವುದಿಲ್ಲ ಎಂದು ಕರನಿರಾಕರಣೆಗೆ ಇಳಿದರು. ಜಮೀನು ಜಪ್ತಿಯಾಯಿತು, ಮನೆಮಠ ಕಳೆದುಕೊಂಡರು. ಎರಡೂ ಹೋರಾಟ ಪಕ್ಕಪಕ್ಕದಲ್ಲೇ ನಡೆದರೂ ಒಂದು ವ್ಯತ್ಯಾಸ ಇದೆ. ಕಂದಾಯವನ್ನು "ಕೊಡಲ್ಲ" ಎಂದು ಹೇಳಬಹುದಿತ್ತು. ಉಪ್ಪಿನ ಕರವನ್ನು ಹಾಗೆ ಹೇಳಲು ಬರುತ್ತಿರಲಿಲ್ಲ, ಅದು ಬೆಲೆಯೊಳಗೆ ಇತ್ತು. ಅದನ್ನು ನಿರಾಕರಿಸಬೇಕಾದರೆ ಉಪ್ಪನ್ನೇ ಸ್ವತಃ ಮಾಡಿಕೊಳ್ಳಬೇಕಿತ್ತು. ಇವತ್ತು ಸಾಣಿಕಟ್ಟಾದ ಉಪ್ಪಿಗೂ ಪೊಟ್ಟಣದ ಉಪ್ಪಿಗೂ ಜಿಎಸ್‌ಟಿ ಇಲ್ಲ. ರಿಚಾರ್ಜಿಗೆ, ಪೆಟ್ರೋಲಿಗೆ ಇದೆ. ಅವುಗಳನ್ನು ಯಾರೂ ಮನೆಯಲ್ಲಿ ಮಾಡಿಕೊಳ್ಳಲಾರರು.

ಬೆಲೆಯೊಳಗಿನ ತೆರಿಗೆಗೆ ಇನ್ನೊಂದು ಗುಣ ಇದೆ. ಕೊಡುವವರ ಶಕ್ತಿ ಅದಕ್ಕೆ ಕಾಣುವುದಿಲ್ಲ. ತಿಂಗಳಿಗೆ 15,000 ಗಳಿಸುವ ಮನೆಯೂ 1,50,000 ಗಳಿಸುವ ಮನೆಯೂ 299ರ ರಿಚಾರ್ಜಿಗೆ ಅದೇ 45 ರೂಪಾಯಿ 61 ಪೈಸೆ ಕೊಡುತ್ತವೆ. ಆದಾಯಕ್ಕೆ ಹೋಲಿಸಿದರೆ ಮೊದಲನೆಯ ಮನೆಗೆ ಹತ್ತು ಪಟ್ಟು ಭಾರ. ಮೇಲಾಗಿ ದೊಡ್ಡ ಆದಾಯದ ಮನೆ ಅರ್ಧವನ್ನು ಉಳಿಸಿ ಎಫ್‌ಡಿ ಇಡಬಹುದು, ಅಷ್ಟು ಹಣಕ್ಕೆ ಆಗ ಖರೀದಿಯ ತೆರಿಗೆ ತಾಗುವುದಿಲ್ಲ. ಗೃಹಲಕ್ಷ್ಮಿಯ 2,000ದಲ್ಲಿ ಉಳಿಸುವುದು ಎಲ್ಲರಿಗೂ ಆಗುವ ಮಾತಲ್ಲ. ತಿಂಗಳು ಮುಗಿಯುವುದರೊಳಗೆ ಅದು ಊರಿನ ಅಂಗಡಿಗೆ, ಔಷಧಿಗೆ, ಮಕ್ಕಳ ಚಪ್ಪಲಿಗೆ ಹೋಗಿರುತ್ತದೆ.

ಈಗ ಯಾರ ದುಡ್ಡು ಎನ್ನುವ ಪ್ರಶ್ನೆಗೆ ಬರೋಣ. "ನಮ್ಮ ಇನ್‌ಕಮ್ ಟ್ಯಾಕ್ಸ್ ದುಡ್ಡಲ್ಲಿ ಗ್ಯಾರಂಟಿ ಹಂಚುತ್ತಾರೆ" ಎಂದು ಸಂಬಳದಾರರು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ಸಂಬಳ ಕೈಗೆ ಬರುವ ಮೊದಲೇ ಕಡಿತವಾಗಿರುತ್ತದೆ. ಆದರೆ ಇನ್‌ಕಮ್ ಟ್ಯಾಕ್ಸ್ ಹೋಗುವುದು ಕೇಂದ್ರಕ್ಕೆ. ಯುವನಿಧಿ, ಗೃಹಲಕ್ಷ್ಮಿ ಕೊಡುವುದು ರಾಜ್ಯ. ಕೇಂದ್ರ ತನ್ನ ತೆರಿಗೆಯಲ್ಲಿ ಶೇ. 41ನ್ನು ಎಲ್ಲ ರಾಜ್ಯಗಳಿಗೂ ಸೇರಿ ಹಂಚುತ್ತದೆ, ಸೆಸ್ಸು ಮತ್ತು ಸರ್‌ಚಾರ್ಜು ಅದರಲ್ಲಿ ಬರುವುದಿಲ್ಲ. ಕರ್ನಾಟಕದ ಸ್ವಂತ ತೆರಿಗೆ ಎಂದರೆ ಮುಖ್ಯವಾಗಿ ನಾಲ್ಕು. ಜಿಎಸ್‌ಟಿ ಮತ್ತು ಪೆಟ್ರೋಲ್, ಡೀಸೆಲ್ ತೆರಿಗೆ ಸೇರಿದ ವಾಣಿಜ್ಯ ತೆರಿಗೆ. ಮದ್ಯದ ಅಬಕಾರಿ. ನೋಂದಣಿ ಮತ್ತು ಮುದ್ರಾಂಕ. ವಾಹನ ತೆರಿಗೆ. ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ವಾಣಿಜ್ಯ ತೆರಿಗೆ, ಅಂದರೆ ಕೊಳ್ಳುವವರು ಬೆಲೆಯ ಜೊತೆ ಕೊಟ್ಟಿದ್ದು. ಅಬಕಾರಿಯೂ ಹಾಗೇ. ಅಗ್ಗದ ಬಾಟಲಿ ಕೊಳ್ಳುವವರು ಹೆಚ್ಚಾಗಿ ಕೂಲಿಯವರು. ಅವರ ಮನೆಯ ಹೆಂಗಸರು ಪಡುವ ಪಾಡು ಬೇರೆಯೇ ವಿಷಯ, ಆದರೆ ಆ ಹಣವೂ ರಾಜ್ಯದ ಬೊಕ್ಕಸಕ್ಕೇ ಸೇರುತ್ತದೆ. ಯುವನಿಧಿ ಬರುವ ಬೊಕ್ಕಸಕ್ಕೆ ಯುವನಿಧಿ ಪಡೆಯುವವರ ಮನೆಯವರು ವರ್ಷಾನುಗಟ್ಟಲೆ ತುಂಬಿದ್ದಾರೆ.

ಗೊಂದಲಕ್ಕೆ ಅರ್ಜಿಯ ನಿಯಮಗಳೂ ಸ್ವಲ್ಪ ಕಾರಣ. ಮನೆ ಯಜಮಾನಿಯಾಗಲಿ ಗಂಡನಾಗಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಗೃಹಲಕ್ಷ್ಮಿ ಸಿಗುವುದಿಲ್ಲ. ಇದನ್ನು ಓದಿದವರು "ಯೋಜನೆ ಇರುವುದು ತೆರಿಗೆ ಕಟ್ಟದವರಿಗೆ" ಎಂದುಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸುವ ವ್ಯಾಪಾರಿ ಕಟ್ಟುವ ಜಿಎಸ್‌ಟಿಯ ದೊಡ್ಡ ಪಾಲು ಅವನ ಜೇಬಿನದಲ್ಲ. ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ತಲುಪಿಸುವುದು ಅವನ ಕೆಲಸ. ಆ ಗಿರಾಕಿ ಗೃಹಲಕ್ಷ್ಮಿ ಪಡೆಯುವ ಹೆಂಗಸೇ ಆಗಿರಬಹುದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ದಾಟಿಹೋಗಬಾರದು. "ಸರ್ಕಾರ ಕೊಟ್ಟ 3,000ದಲ್ಲಿ 260 ವಾಪಸ್ ಬಂದರೆ ಅದು ಅವನ ತೆರಿಗೆ ಹೇಗೆ? ಸರ್ಕಾರದ ದುಡ್ಡೇ ತಿರುಗಿ ಬಂತು ಅಷ್ಟೆ." ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ತಹಶೀಲ್ದಾರ್ ಕಚೇರಿಯ ನೌಕರರ ಸಂಬಳವೂ ಖಜಾನೆಯಿಂದಲೇ ಬರುವುದು. ಅವರು ಕಟ್ಟುವ ಇನ್‌ಕಮ್ ಟ್ಯಾಕ್ಸನ್ನು ನಾವು ಅವರ ತೆರಿಗೆ ಎಂದೇ ಎಣಿಸುತ್ತೇವೆ, ಎಣಿಸಬೇಕು ಕೂಡ. ಅವರು ದುಡಿದು ಪಡೆಯುತ್ತಾರೆ, ಇವನು ಸುಮ್ನೆ ಪಡೆಯುತ್ತಾನೆ ಎನ್ನಬಹುದು. ಅದು ಕೆಲಸದ ಬಗೆಗಿನ ವಾದ. ಹಣ ಕೈಗೆ ಬಂದ ಮೇಲೆ ಅದನ್ನು ಖರ್ಚು ಮಾಡಿ ತೆರಿಗೆ ಕೊಡುವವರು ಯಾರು ಎನ್ನುವುದು ಬೇರೆ. ಇನ್ನೊಂದು ವಿಷಯ, 3,000ದಲ್ಲೇ ಯಾರೂ ಬದುಕುವುದಿಲ್ಲ. ಅಮ್ಮ ಮೀನು ಮಾರಿದ್ದು, ಅಪ್ಪ ಗಾರೆ ಕೆಲಸ ಮಾಡಿದ್ದು, ಅಕ್ಕ ಗೋವಾದಿಂದ ಕಳಿಸಿದ್ದು, ಸೊಸೈಟಿಯ ಸಾಲ, ಎಲ್ಲ ಸೇರಿ ಮನೆ ನಡೆಯುತ್ತದೆ. ಕೋಚಿಂಗಿನ 1,800 ತೆರಿಗೆ ಹೋಗಿದ್ದು ಬಹುಶಃ ಆ ಸಾಲದ ದುಡ್ಡಿನಿಂದ. ಭತ್ಯೆಗಿಂತ ಮನೆಯ ಖರ್ಚು ದೊಡ್ಡದು, ತೆರಿಗೆ ಬೀಳುವುದು ಆ ಖರ್ಚಿನ ಮೇಲೆ.

ಕೆಲಸ ಇಲ್ಲದ ತಿಂಗಳುಗಳಲ್ಲಿ ಕೊಡುವುದಕ್ಕಿಂತ ಪಡೆಯುವುದು ಜಾಸ್ತಿ. ಅದರಲ್ಲಿ ಅನುಮಾನ ಇಲ್ಲ, ಭತ್ಯೆ ಇರುವುದೇ ಅದಕ್ಕೆ. ಆದರೆ ಒಂದು ತಿಂಗಳ ಲೆಕ್ಕದಿಂದ ಮನುಷ್ಯರನ್ನು ಎರಡು ಜಾತಿ ಮಾಡುವುದು ತಪ್ಪು. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮೀನುಗಾರ ದುಡಿಮೆಯ ತಿಂಗಳುಗಳಲ್ಲಿ ತಾನೇ 1,500 ರೂಪಾಯಿ ಕಟ್ಟುತ್ತಾನೆ. ಸರ್ಕಾರದ 3,000 ಸೇರಿ 4,500 ಆಗುತ್ತದೆ. ಕೆಲಸ ಇಲ್ಲದಾಗ ಮೂರು ತಿಂಗಳು 1,500ರಂತೆ ಅದು ಕೈಗೆ ಬರುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಅವನದೇ ಉಳಿತಾಯ. ಹೊರಗಿನಿಂದ ನೋಡಿದವರಿಗೆ ಪೂರ್ತಿ ಸರ್ಕಾರದ್ದು ಎಂದು ಕಾಣುತ್ತದೆ.

ಬೇರೆ ದೇಶಗಳಲ್ಲಿ ಇದು ಇನ್ನೂ ಸ್ಪಷ್ಟ. ಬ್ರಿಟನ್ನಿನಲ್ಲಿ ಕೆಲಸ ಹುಡುಕುವವರ ಭತ್ಯೆಯನ್ನು ತೆರಿಗೆಗೆ ಒಳಪಡುವ ಆದಾಯ ಎಂದೇ ಎಣಿಸುತ್ತಾರೆ, ಮೇಲಿಂದ ಹೆಚ್ಚಿನ ವಸ್ತುಗಳಿಗೆ ಶೇ. 20 ವ್ಯಾಟ್ ಇದೆ. ಅಮೆರಿಕದಲ್ಲೂ ನಿರುದ್ಯೋಗ ಭತ್ಯೆ ಕೇಂದ್ರದ ಆದಾಯ ತೆರಿಗೆಗೆ ಒಳಪಡುತ್ತದೆ.

ಈ ತೆರಿಗೆ ಯಾವ ರಾಜ್ಯಕ್ಕೆ ಹೋಗುತ್ತದೆ ಎನ್ನುವುದು ಕಾರವಾರದವರಿಗೆ ಬೇರೆಯವರಿಗಿಂತ ಹತ್ತಿರದ ವಿಷಯ. ಜಿಎಸ್‌ಟಿಯ ನಿಯಮ ಏನೆಂದರೆ, ವಸ್ತು ಎಲ್ಲೇ ತಯಾರಾಗಲಿ, ಬಳಕೆಯಾಗುವ ರಾಜ್ಯಕ್ಕೆ ರಾಜ್ಯದ ಪಾಲು. ಬೇರೆ ರಾಜ್ಯದ ಕಾರ್ಖಾನೆಯ ಸೋಪನ್ನು ಕಾರವಾರದ ಅಂಗಡಿಯಲ್ಲಿ ಕೊಂಡರೆ ಅರ್ಧ ತೆರಿಗೆ ಕರ್ನಾಟಕಕ್ಕೆ, ಅರ್ಧ ಕೇಂದ್ರಕ್ಕೆ. ಅದೇ ಮನುಷ್ಯ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಮೂಲಕ ಗೋವಾದ ಪೋಳೆಂಗೆ ಹೋಗಿ ಅಲ್ಲಿ ಪೆಟ್ರೋಲ್ ಹಾಕಿಸಿದರೆ ಅದರ ಮೇಲಿನ ರಾಜ್ಯದ ಮಾರಾಟ ತೆರಿಗೆ ಗೋವಾಕ್ಕೆ. ಅಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ ಎಂದು ಕಾರವಾರದವರು ಹೋಗುತ್ತಾರೆ. ಅತ್ತ ಹೊರರಾಜ್ಯದಿಂದ ನಮ್ಮ ಬೋಟುಗಳಿಗೆ ದುಡಿಯಲು ಬಂದ ಕಾರ್ಮಿಕರು ಇಲ್ಲಿ ತಿಂದಿದ್ದು, ಉಟ್ಟಿದ್ದು, ರಿಚಾರ್ಜ್ ಮಾಡಿಸಿದ್ದರಿಂದ ಕರ್ನಾಟಕಕ್ಕೆ ಪಾಲು ಬರುತ್ತದೆ.

ಗೋವಾದ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಅಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ತಿಂಗಳಿಗೆ 21,000ದೊಳಗೆ ಸಂಬಳ ಇದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಗೆ ಕಡಿತವಾಗುತ್ತದೆ. 16,000 ಸಂಬಳದವರಿಂದ ತಿಂಗಳಿಗೆ 120 ರೂಪಾಯಿ, ಮಾಲೀಕರಿಂದ 520. ಆಸ್ಪತ್ರೆಗೆ ಮಾತ್ರ ಇದು ಎಂದು ಹೆಚ್ಚಿನವರು ತಿಳಿದಿದ್ದಾರೆ. 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂದು ಶುರು ಮಾಡಿದರು. ವಿಮೆಯಲ್ಲಿದ್ದವರ ಕೆಲಸ ಹೋದರೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನಗಳವರೆಗೆ ಕೊಡುತ್ತಾರೆ, ಜೀವಮಾನದಲ್ಲಿ ಒಂದು ಸಲ. ಮೊದಲು ಕಾಲು ಭಾಗ ಇತ್ತು, 2020ರಲ್ಲಿ ಅರ್ಧಕ್ಕೆ ಏರಿಸಿದರು. ಹಳೇ ಮಾಲೀಕರ ಮೂಲಕವೇ ಹೋಗಬೇಕೆಂದಿಲ್ಲ, ಕಾರ್ಮಿಕರೇ ನೇರವಾಗಿ ಅರ್ಜಿ ಹಾಕಬಹುದು. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಹಾಗಾಗಿ ಈಗ ಜಾರಿಯಲ್ಲಿದೆಯಾ ಎಂದು ಹತ್ತಿರದ ಇಎಸ್‌ಐ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳಿ. ಕೆಲಸ ಹೋಗಿ ಊರಿಗೆ ಬಂದವರು ನಿಮ್ಮ ಮನೆಯಲ್ಲಿದ್ದರೆ ಅವರ ಇಎಸ್‌ಐ ನಂಬರು, ಬ್ಯಾಂಕ್ ಪಾಸ್‌ಬುಕ್, ಆಧಾರ್ ತೆಗೆದಿಡಲು ಹೇಳಿ.